ಪಟಾಕಿಯ ಸದ್ದು ಮತ್ತು ಮನೆಯ ನಾಯಿ

ದೀಪಾವಳಿ ಬಂತೆಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಹೊಲ, ಕುರಿ ಕಾಯುವ ಗಟ್ಟಿ ನಾಯಿಗಳೂ ಮಂಚದಡಿ ಅಡಗುತ್ತವೆ. ಇದು ಹೇಡಿತನವಲ್ಲ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಸದ್ದನ್ನು ಗ್ರಹಿಸಿದರೆ, ನಾಯಿಯ ಕಿವಿ ಸುಮಾರು 45,000 ಕಂಪನಗಳವರೆಗೆ ಗ್ರಹಿಸಬಲ್ಲದು. ಸದ್ದು ಏಕೆ ಬಂತೆಂಬುದು ಮಾತ್ರ ಅದಕ್ಕೆ ತಿಳಿಯದು. ಆದ್ದರಿಂದ ಓಡುತ್ತದೆ.

ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದರೆ ಸಾಕೆಂದು ಅನೇಕರು ತಿಳಿದಿದ್ದಾರೆ. ಆದರೆ ಬೆದರಿ ಜಗ್ಗಿದ ನಾಯಿಗೆ ಕೊರಳು ಬಿಗಿಯಬಹುದು. ಕೊರಳಪಟ್ಟಿ ಜಾರಿದರೆ ಬೀದಿಗೆ ಓಡಬಹುದು. ಕುಷ್ಟಗಿಯಂತಹ ಹೆದ್ದಾರಿ ಬದಿಯ ಊರಿನಲ್ಲಿ ಅಪಾಯ ಇನ್ನೂ ಹೆಚ್ಚು. ಒಳಕೋಣೆಯ ಕಿಟಕಿ ಮುಚ್ಚಿ, ಹಳೆಯ ಕೌದಿ ಹಾಸಿ, ನೀರಿಟ್ಟು, ರೇಡಿಯೋ ಹಚ್ಚಿಡಿ. ಸುಪ್ರೀಂ ಕೋರ್ಟ್ 2018ರಲ್ಲಿ ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10 ಗಂಟೆಯ ಸಮಯ ಗೊತ್ತುಪಡಿಸಿತು. ಪಾಲಿಸುವವರೆಷ್ಟು ಎಂಬುದು ಬೇರೆ ಮಾತು! ಹೊತ್ತು ಮುಳುಗುವ ಮೊದಲೇ ನಾಯಿಯ ಊಟ, ತಿರುಗಾಟ ಮುಗಿಸಿ.

ನಡುಗುತ್ತ ಅಡಗಿರುವ ನಾಯಿಯನ್ನು ಹೊರಗೆ ಎಳೆಯಬೇಡಿ, ಸಾಕಿದವರನ್ನೂ ಕಚ್ಚೀತು. ಕಚ್ಚಿದರೆ ಗಾಯವನ್ನು 15 ನಿಮಿಷ ಸೋಪು, ಹರಿಯುವ ನೀರಿನಿಂದ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ.

ಇನ್ನು ತಿಂಡಿಯ ವಿಷಯ. ಅಜ್ಜಿ ಪ್ರೀತಿಯಿಂದ ಹಾಕುವ ಉಂಡಿಯಲ್ಲಿರುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಎಷ್ಟು ತಿಂದರೆ ಅಪಾಯವೆಂಬುದು ಒಂದೊಂದು ನಾಯಿಗೆ ಒಂದೊಂದು ಬಗೆ. ಚಾಕೊಲೇಟೂ ವಿಷವೇ. ಇದನ್ನು ಮನೆಯ ಹಿರಿಯರಿಗೆ ನೀವೇ ತಿಳಿಸಿ ಹೇಳಬೇಕಾದೀತು. ತಿಂದುಬಿಟ್ಟಿದ್ದರೆ ವಾಂತಿಯಾಗುವವರೆಗೆ ಕಾಯದೆ ಪಶುವೈದ್ಯರಿಗೆ ತೋರಿಸಿ. ಹಬ್ಬದ ದಿನವೂ ಅದಕ್ಕೆ ಎಂದಿನ ಜೋಳದ ರೊಟ್ಟಿಯನ್ನೇ ಹಾಕಿ.