ಅಕ್ಷಿಪಟಲ ಅಳವಡಿಕೆ: ಸಾಧನದ ಸ್ಥಾನ ಮತ್ತು ವಿದ್ಯುತ್ ಪ್ರಚೋದನೆ

(ಸಾರ್ವಜನಿಕರ ಮಾಹಿತಿಗಾಗಿ)

ಕಣ್ಣಿನ ಹಿಂಭಾಗದ ಒಳಗೋಡೆಯಲ್ಲಿರುವ ಅಕ್ಷಿಪಟಲವು (ರೆಟಿನಾ) ಬೆಳಕನ್ನು ನರಸಂಕೇತವಾಗಿ ಪರಿವರ್ತಿಸುತ್ತದೆ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಅನುವಂಶೀಯ ಕಾಯಿಲೆಯಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳು ಕ್ರಮೇಣ ನಾಶವಾದರೂ ಒಳಪದರದ ನರಕೋಶಗಳಲ್ಲಿ ಒಂದು ಭಾಗ ಉಳಿದಿರುತ್ತದೆ. ಈ ಕೋಶಗಳಿಗೆ ಅಲ್ಪ ಪ್ರಮಾಣದ ವಿದ್ಯುತ್ ನೀಡಿ ಬೆಳಕಿನ ಚುಕ್ಕೆಗಳ ಅನುಭವವನ್ನು ಉಂಟುಮಾಡುವ ಸಾಧನವೇ ಅಕ್ಷಿಪಟಲ ಅಳವಡಿಕೆ. ಇದರ ಪ್ರಯೋಜನವು ಸಾಧನವನ್ನು ಇರಿಸಿದ ಸ್ಥಾನವನ್ನು ಬಹುಮಟ್ಟಿಗೆ ಅವಲಂಬಿಸಿರುತ್ತದೆ.

ಸ್ಥಾನದ ವಿಧಗಳು

1. ಅಕ್ಷಿಪಟಲದ ಮೇಲೆ: ಅಮೆರಿಕದ ಸೆಕೆಂಡ್ ಸೈಟ್ ಸಂಸ್ಥೆಯ ಆರ್ಗಸ್-2 ಸಾಧನದಲ್ಲಿ 60 ವಿದ್ಯುದಗ್ರಗಳ ಫಲಕವನ್ನು ಸಣ್ಣ ಮೊಳೆಯಿಂದ ಅಕ್ಷಿಪಟಲಕ್ಕೆ ಬಂಧಿಸಲಾಗುತ್ತಿತ್ತು. ಇದಕ್ಕೆ 2011ರಲ್ಲಿ ಯುರೋಪಿನಲ್ಲಿಯೂ 2013ರಲ್ಲಿ ಅಮೆರಿಕದಲ್ಲಿಯೂ ಅನುಮತಿ ದೊರೆಯಿತು.

2. ಅಕ್ಷಿಪಟಲದ ಅಡಿಯಲ್ಲಿ: ನಾಶವಾದ ಕೋಶಗಳಿದ್ದ ಜಾಗದಲ್ಲಿಯೇ ಸಾಧನವನ್ನು ಇರಿಸಲಾಗುತ್ತದೆ. 2 ಮಿ.ಮೀ. ಅಗಲದ, 378 ಘಟಕಗಳ ಪ್ರಿಮಾ ಈ ಬಗೆಯದು. ವಯೋಸಹಜ ಮ್ಯಾಕ್ಯುಲಾ ಕ್ಷಯವುಳ್ಳವರಲ್ಲಿ ನಡೆಸಿದ, 2025ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದು ವರ್ಷ ಪೂರೈಸಿದ 32 ಮಂದಿಯ ಪೈಕಿ 26 ಮಂದಿಯ ದೃಷ್ಟಿ ಗಣನೀಯವಾಗಿ ಸುಧಾರಿಸಿತು.

3. ಕೊರಾಯ್ಡ್ ಪದರದ ಹೊರಗೆ: ಆಸ್ಟ್ರೇಲಿಯಾದಲ್ಲಿ 2012ರಲ್ಲಿ ಪ್ರಯೋಗಿಸಲಾದ ವಿಧಾನ. ಶಸ್ತ್ರಚಿಕಿತ್ಸೆಯು ಅಕ್ಷಿಪಟಲವನ್ನು ಮುಟ್ಟುವುದಿಲ್ಲ. ಆದರೆ ನರಕೋಶಗಳು ದೂರವಿರುವುದರಿಂದ ಹೆಚ್ಚು ವಿದ್ಯುತ್ ಬೇಕಾಗುತ್ತದೆ.

ಅಂತರದ ಪರಿಣಾಮ

ವಿದ್ಯುದಗ್ರವು ನರಕೋಶದಿಂದ ದೂರವಾದಷ್ಟೂ ವಿದ್ಯುತ್ ಅಕ್ಕಪಕ್ಕಕ್ಕೆ ಹರಡುತ್ತದೆ. ಚುಕ್ಕೆ ಕಾಣಿಸಲು ಬೇಕಾದ ಕನಿಷ್ಠ ಪ್ರಮಾಣವು ಏರುತ್ತದೆ. ಕಂಡ ಚುಕ್ಕೆಯೂ ಅಸ್ಪಷ್ಟವಾಗಬಹುದು. ಪ್ರತಿ ವಿದ್ಯುದಗ್ರಕ್ಕೂ ಸುರಕ್ಷತೆಯ ಮಿತಿ ಇದ್ದು, ಅದನ್ನು ಮೀರಿ ವಿದ್ಯುತ್ ಹರಿಸುವಂತಿಲ್ಲ. ಆದುದರಿಂದ ಅತಿ ದೂರವಿರುವ ವಿದ್ಯುದಗ್ರವು ಕಣ್ಣಿನಲ್ಲಿದ್ದರೂ ನಿರುಪಯುಕ್ತ. ಕಣ್ಣಿನ ಒಳಭಾಗ ಬಾಗಿರುವುದರಿಂದ ಫಲಕದ ಒಂದು ಅಂಚು ತಾಗಿ ಇನ್ನೊಂದು ಅಂಚು ಮೇಲೆದ್ದಿರುವುದೂ ಉಂಟು.

ಸಮೀಪವಿದ್ದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಅಕ್ಷಿಪಟಲದ ಮೇಲ್ಮೈಯಲ್ಲಿ ದೂರದ ಕೋಶಗಳ ನರತಂತುಗಳು ಹಾದುಹೋಗುತ್ತವೆ. ಮೇಲಿನಿಂದ ನೀಡಿದ ವಿದ್ಯುತ್ ಇವುಗಳನ್ನೂ ಪ್ರಚೋದಿಸುವುದರಿಂದ ಚುಕ್ಕೆಯ ಬದಲು ಉದ್ದನೆಯ ಗೆರೆ ಕಾಣಿಸಬಹುದು.

ಅಳವಡಿಕೆಯ ನಂತರ

ಓ.ಸಿ.ಟಿ. ಎಂಬ ಬೆಳಕಿನ ಚಿತ್ರಣದಿಂದ ಅಂತರವನ್ನು ಅಳೆಯಬಹುದು. ಫಲಕ ಜರುಗುವುದರಿಂದ ಅಥವಾ ಅಡಿಯಲ್ಲಿ ಅಂಗಾಂಶ ಬೆಳೆಯುವುದರಿಂದ ಅಂತರವು ಕಾಲಕ್ರಮೇಣ ಬದಲಾಗಬಹುದಾದ್ದರಿಂದ ವಿದ್ಯುತ್ ಪ್ರಮಾಣವನ್ನು ಮರುಹೊಂದಿಸಬೇಕಾಗುತ್ತದೆ.

ಆರ್ಗಸ್-2ರ ಉತ್ಪಾದನೆ 2019ರಲ್ಲಿ ನಿಂತಿತು. ತರುವಾಯ ಹಲವು ಬಳಕೆದಾರರಿಗೆ ದುರಸ್ತಿ ಹಾಗೂ ಬಿಡಿಭಾಗಗಳು ದೊರೆಯದೆ, ಸಾಧನವು ಕಣ್ಣಿನಲ್ಲಿಯೇ ಉಳಿದು ದೃಷ್ಟಿಯ ಅನುಭವ ಮಾತ್ರ ನಿಂತುಹೋದ ಪ್ರಸಂಗಗಳು ವರದಿಯಾಗಿವೆ.

ಆದ ಕಾರಣ ಅಳವಡಿಕೆಗೆ ಒಪ್ಪಿಗೆ ನೀಡುವ ಮುನ್ನ ಈ ಕೆಳಕಂಡ ಅಂಶಗಳನ್ನು ನೇತ್ರತಜ್ಞರಿಂದ ಕೇಳಿ ತಿಳಿಯುವುದು ಸೂಕ್ತ:

ಅ) ಸಾಧನವನ್ನು ಯಾವ ಪದರದಲ್ಲಿ ಇರಿಸಲಾಗುವುದು.
ಆ) ಅಂತರವನ್ನು ಎಷ್ಟು ಕಾಲಕ್ಕೊಮ್ಮೆ ಪರೀಕ್ಷಿಸಲಾಗುವುದು.
ಇ) ತಯಾರಕರು ಸೇವೆ ನಿಲ್ಲಿಸಿದಲ್ಲಿ ನಿರ್ವಹಣೆಯ ಹೊಣೆ ಯಾರದು.