ತಪ್ಪು ಡೆಕ್ಕಿನದಲ್ಲ

ಕೆಎ-30 ನಂಬರಿನ ಹಳೆಯ ಮಾರುತಿ 800, ಝೆನ್, ಸ್ಯಾಂಟ್ರೋ, ಇಂಡಿಕಾಗಳು ಕಾರವಾರ, ಅಂಕೋಲಾ ಸೀಮೆಯಲ್ಲಿ ಇನ್ನೂ ಓಡುತ್ತಿವೆ. ಎಂಜಿನ್ ಗಟ್ಟಿಮುಟ್ಟಾಗಿದೆ, ಮರುನೋಂದಣಿಯೂ ಮುಗಿದಿದೆ. ಮೊಬೈಲಿನ ಹಾಡು ಕಾರಿನ ಸ್ಪೀಕರಿಗೆ ಬರುವುದಿಲ್ಲ ಎಂಬುದೊಂದೇ ಕೊರಗು. ಅದಕ್ಕೆ ಸಿಗುವ ಸಲಹೆಯೂ ಸಾಮಾನ್ಯವಾಗಿ ಒಂದೇ: ಹಳೇ ಡೆಕ್ ಕಿತ್ತುಹಾಕಿ, ಆ್ಯಂಡ್ರಾಯ್ಡ್ ಸ್ಕ್ರೀನ್ ಕೂರಿಸಿ. ಸಾವಿರಾರು ರೂಪಾಯಿ ಸುರಿದು ಸ್ಕ್ರೀನ್ ಕೂರಿಸಿದ ಮೇಲೂ ಕಾಳಿ ನದಿಯ ಪಕ್ಕದ ರಸ್ತೆ ಹಿಡಿದು ಕೈಗಾ ಕಡೆ ಹೋದರೆ ಹಾಡು ನಿಂತುಹೋಗುವುದುಂಟು. ಆಗ ದೂರು ಬ್ಲೂಟೂತಿನ ಮೇಲೆ ಬರುತ್ತದೆ, ಕಾರಿನ ವೈರಿಂಗ್ ಮೇಲೆ ಬರುತ್ತದೆ, ಕೊನೆಗೆ ಕೈಗಾದ ಅಣುಸ್ಥಾವರವನ್ನೂ ಬಿಡುವುದಿಲ್ಲ. ಇಷ್ಟೂ ಗೊಂದಲಕ್ಕೆ ಮೂಲ ಒಂದು. ನಿಸ್ತಂತುವಾಗಿ ಬರುವ ಹಾಡು ಒಂದೇ ನೆಗೆತಕ್ಕೆ ಬರುವುದಿಲ್ಲ. ಟವರಿನಿಂದ ಮೊಬೈಲಿಗೆ, ಮೊಬೈಲಿನಿಂದ ರಿಸೀವರಿಗೆ, ರಿಸೀವರಿನಿಂದ ಡೆಕ್ಕಿಗೆ ಎಂದು ಮೂರು ಹಂತ ದಾಟಿ ಬರುತ್ತದೆ. ಒಂದೊಂದು ಹಂತವೂ ಕೆಡುವ ರೀತಿ ಬೇರೆ. ಯಾವುದು ಕೆಟ್ಟಿದೆ ಎಂದು ನೋಡದೆ ಮೂರನೆಯದಕ್ಕೇ ಹಣ ಹಾಕುವುದರಿಂದ ಮೊದಲನೆಯದರ ರೋಗ ವಾಸಿಯಾಗುವುದಿಲ್ಲ.

ಬ್ಲೂಟೂತಿಗೆ ಇಂಟರ್ನೆಟ್ ಬೇಕು, ಅದು ಡೇಟಾ ತಿನ್ನುತ್ತದೆ ಎಂಬ ನಂಬಿಕೆ ಎಲ್ಲಕ್ಕಿಂತ ವ್ಯಾಪಕ. ಮೊಬೈಲಿನಿಂದ ಕಾರಿಗೆ ಹಾಡು ಸಾಗಿಸುವ ಬ್ಲೂಟೂತ್ ವ್ಯವಸ್ಥೆ 2003ರ ಸುಮಾರಿಗೆ ಬಂದದ್ದು. ಅದಕ್ಕೆ ಸಿಮ್ ಕಾರ್ಡ್ ಕೂಡ ಬೇಡ. 2.4 ಗಿಗಾಹರ್ಟ್ಸ್ ಪಟ್ಟಿಯ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲ ಜಾಗ ಬದಲಿಸುತ್ತ, ಹತ್ತು ಮೀಟರ್ ಒಳಗೆ ಎರಡು ಯಂತ್ರಗಳು ತಮ್ಮಷ್ಟಕ್ಕೆ ನಡೆಸುವ ಮಾತುಕತೆ ಅದು. ಡೇಟಾ ಖರ್ಚಾಗುವುದು ಆ್ಯಪ್ ತನ್ನ ಸರ್ವರಿನಿಂದ ಹಾಡು ಎಳೆದುಕೊಳ್ಳುವಾಗ ಮಾತ್ರ. ಸೆಕೆಂಡಿಗೆ 160 ಕಿಲೋಬಿಟ್ ಗುಣಮಟ್ಟದ ನಾಲ್ಕು ನಿಮಿಷದ ಹಾಡಿಗೆ ಐದು ಎಂಬಿಯ ಹತ್ತಿರ. ಪರೀಕ್ಷಿಸಿ ನೋಡುವುದೂ ಸುಲಭ. ಮನೆಯ ವೈಫೈನಲ್ಲಿ ಹಾಡುಗಳನ್ನು ಮೊದಲೇ ಡೌನ್‌ಲೋಡ್ ಮಾಡಿಕೊಂಡು, ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬ್ಲೂಟೂತ್ ಒಂದನ್ನೇ ಮತ್ತೆ ಆನ್ ಮಾಡಿ ಕಾರವಾರದಿಂದ ಹೊರಟರೆ ಕದ್ರಾ ದಾಟಿ ಕೈಗಾ ಬಂದರೂ ಹಾಡು ನಿಲ್ಲುವುದಿಲ್ಲ. ಹಾಗಾದರೆ ದಾರಿಯಲ್ಲಿ ನಿಲ್ಲುತ್ತಿದ್ದದ್ದು ಯಾವ ಹಂತ ಎಂಬುದು ತಾನಾಗಿಯೇ ತಿಳಿಯಿತು. ಮೊಬೈಲ್ ಬ್ಯಾಟರಿ ಬೇಗ ಇಳಿಯುವುದಕ್ಕೂ ಜನ ಬ್ಲೂಟೂತನ್ನೇ ದೂರುತ್ತಾರೆ. ಇಂಥ ಬ್ಲೂಟೂತ್ ಹೊಮ್ಮಿಸುವ ಶಕ್ತಿ ಸಾಮಾನ್ಯವಾಗಿ ಕೆಲವೇ ಮಿಲಿವ್ಯಾಟ್. ಟವರ್ ದೂರವಾದಾಗ ಅದೇ ಮೊಬೈಲ್ ತನ್ನ ದನಿ ಏರಿಸಿಕೊಂಡು, ಮತ್ತೆ ಮತ್ತೆ ನೆಟ್‌ವರ್ಕ್ ಹುಡುಕುತ್ತ ಖರ್ಚು ಮಾಡುವ ಶಕ್ತಿ ಅದರ ಎಷ್ಟೋ ಪಟ್ಟು. ಕಾಡಿನ ರಸ್ತೆಯಲ್ಲಿ ಬ್ಯಾಟರಿ ತಿನ್ನುವುದು ಆ ಹುಡುಕಾಟ.

ಇನ್ನು ಸ್ಥಾವರದ ವಿಷಯ. ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಮೊದಲೆರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಶುರುಮಾಡಿದವು. ಅಲ್ಲಿನ ವಿಕಿರಣ ಸಿಗ್ನಲ್ಲನ್ನು ನುಂಗಿಬಿಡುತ್ತದೆ ಎಂಬ ಊಹೆ ಹುಟ್ಟುವುದು ಸಹಜ; ಎರಡೂ ಕಣ್ಣಿಗೆ ಕಾಣದವು, ಎರಡನ್ನೂ ನಾವು ವಿಕಿರಣವೆಂದೇ ಕರೆಯುತ್ತೇವೆ. ಆದರೆ ಬ್ಲೂಟೂತ್ ಅಲೆಯ ಒಂದು ಕಣದಲ್ಲಿರುವ ಶಕ್ತಿ, ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಹಾಕಲು ಬೇಕಾದ ಶಕ್ತಿಯ ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು. ಗಾಮಾ ಕಿರಣದ್ದು ಆ ಮಿತಿಗಿಂತ ಸಾವಿರಾರು ಪಟ್ಟು ಮೇಲೆ. ಇವು ಒಂದರ ದಾರಿಯಲ್ಲಿ ಇನ್ನೊಂದು ಅಡ್ಡ ಬರುವುದಿಲ್ಲ. ತೀವ್ರ ವಿಕಿರಣ ಎಲೆಕ್ಟ್ರಾನಿಕ್ ಚಿಪ್ಪುಗಳನ್ನು ಹಾಳುಮಾಡಬಲ್ಲದು ಎಂಬುದು ನಿಜ, ಆದರೆ ಅದು ರಿಯಾಕ್ಟರ್ ಕಟ್ಟಡದ ದಪ್ಪ ಗೋಡೆಗಳ ಒಳಗಿನ ಮಾತು, ಸಾರ್ವಜನಿಕ ರಸ್ತೆಯದ್ದಲ್ಲ. ಸ್ಥಾವರವೇ ಕಾರಣವಾಗಿದ್ದರೆ ಅದರಿಂದ ಬಹುದೂರದ ಅರಬೈಲ್ ಘಟ್ಟದ ತಿರುವುಗಳಲ್ಲಿ, ದೇವಿಮನೆ ಘಟ್ಟದಲ್ಲಿ ಸಿಗ್ನಲ್ ತುಂಬಿ ತುಳುಕಬೇಕಿತ್ತು. ಅಲ್ಲಿಗೂ ಕೈಗಾಕ್ಕೂ ಸಾಮಾನ್ಯವಾದದ್ದು ಎತ್ತರದ ಗುಡ್ಡ, ಆಳದ ಕಣಿವೆ, ಒದ್ದೆ ಎಲೆಗಳ ದಟ್ಟ ಕಾಡು ಮತ್ತು ದೂರ ದೂರದ ಟವರುಗಳು. ಮೊಬೈಲ್ ಅಲೆ ಗುಡ್ಡ ಬಳಸಿಕೊಂಡು ಹೋಗುವುದರಲ್ಲಿ ತೀರ ದಡ್ಡ.

ಈ ನಂಬಿಕೆಯಲ್ಲಿ ಒಂದು ಎಳೆ ಸತ್ಯವೂ ಇದೆ, ಅದನ್ನು ಅಲ್ಲಗಳೆಯಬಾರದು. ಕೈಗಾದಿಂದ ಹೊರಡುವ 400 ಕಿಲೋವೋಲ್ಟ್ ತಂತಿಗಳ ಕೆಳಗೆ, ಅದರಲ್ಲೂ ಮಳೆಯಲ್ಲಿ, ಹಳೆಯ ಡೆಕ್ಕಿನ ಮೀಡಿಯಂ ವೇವ್ ರೇಡಿಯೋ ಚರಚರ ಎನ್ನುತ್ತದೆ. ತಂತಿಯ ಮೈಮೇಲೆ ಗಾಳಿ ಕಿಡಿಗೊಳ್ಳುವುದರಿಂದ ಹುಟ್ಟುವ ಈ ಗದ್ದಲ ಕೆಳಗಿನ ಕಂಪನಾಂಕಗಳಲ್ಲಿ ಜೋರು, ಮೇಲಕ್ಕೆ ಹೋದಂತೆ ತೀರ ಕ್ಷೀಣ. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸಿಗೆ ಅದು ತಟ್ಟುತ್ತದೆ. ಬ್ಲೂಟೂತ್ ಇರುವುದು ಅದಕ್ಕಿಂತ ಮೂರು ಸಾವಿರ ಪಟ್ಟು ಮೇಲೆ. ಮೀಡಿಯಂ ವೇವ್ ಕೇಳಿ ಬೆಳೆದ ಕಿವಿ ತಾನು ಕೇಳಿದ್ದನ್ನು ಸರಿಯಾಗಿಯೇ ಕೇಳಿತು. ಅದನ್ನು ಎಲ್ಲ ಅಲೆಗಳಿಗೂ ಹಚ್ಚಿದ್ದು ಅತಿಯಾಯಿತು.

ಡೆಕ್ ಬದಲಿಸಲೇಬೇಕೆಂಬ ವಾದಕ್ಕೆ ಬರೋಣ. ಡೆಕ್ಕಿನ ಒಳಗಿನ ಆಂಪ್ಲಿಫೈಯರಿಗೆ ಹಾಡು ಎಲ್ಲಿಂದ ಬಂತೆಂಬುದು ಗೊತ್ತೇ ಇಲ್ಲ. ಗಿರಣಿಗೆ ಬಂದ ಭತ್ತ ಯಾರ ಗದ್ದೆಯದೆಂದು ಗಿರಣಿ ಕೇಳುವುದಿಲ್ಲವಲ್ಲ. ಒಳಹೋಗಲು ಒಂದು ಬಾಗಿಲು ಸಿಕ್ಕರೆ ಸಾಕು. ಆಕ್ಸ್ ತೂತು ಇದ್ದರೆ ಅದೇ ರಾಜಮಾರ್ಗ. ಬೆರಳುದ್ದದ ಬ್ಲೂಟೂತ್ ರಿಸೀವರನ್ನು 3.5 ಮಿಲಿಮೀಟರ್ ಪಿನ್ನಿನಿಂದ ಜೋಡಿಸಿದರೆ ಕೆಲಸ ಮುಗಿಯಿತು. ಬರೀ ಕ್ಯಾಸೆಟ್ ಡೆಕ್ ಇದ್ದರೆ ಕ್ಯಾಸೆಟ್ಟಿನ ಆಕಾರದ ಬ್ಲೂಟೂತ್ ಅಡಾಪ್ಟರ್ ಸಿಗುತ್ತದೆ. ಅದರ ಪುಟ್ಟ ಕಾಂತೀಯ ಹೆಡ್, ಟೇಪಿನ ಬದಲು ತಾನೇ ಡೆಕ್ಕಿನ ಹೆಡ್ಡಿಗೆ ಹಾಡು ಊದುತ್ತದೆ. ಆಟೋ ರಿವರ್ಸ್ ಡೆಕ್ಕುಗಳು ಟೇಪ್ ಸುತ್ತುತ್ತಿಲ್ಲವೆಂದು ತಿಳಿದು ಟಕ್ ಟಕ್ ಎಂದು ಬದಿ ಬದಲಿಸುವ ಕಾಟವೊಂದಿದೆ. ಯುಎಸ್‌ಬಿ ತೂತಿನ ವಿಷಯದಲ್ಲಿ ಮಾತ್ರ ಅನೇಕರು ಮೋಸಹೋಗುತ್ತಾರೆ. ಅಗ್ಗದ ಯುಎಸ್‌ಬಿ ಬ್ಲೂಟೂತ್ ಕಡ್ಡಿಗಳಲ್ಲಿ ಹೆಚ್ಚಿನವು ಆ ತೂತಿನಿಂದ ಕರೆಂಟ್ ಮಾತ್ರ ತೆಗೆದುಕೊಳ್ಳುತ್ತವೆ, ಹಾಡು ಆಕ್ಸ್ ವೈರಿನಲ್ಲೇ ಹೋಗಬೇಕು. ಪೆನ್‌ಡ್ರೈವ್ ಹಾಕುವ ಜಾಗಕ್ಕೆ ಕಡ್ಡಿ ಸಿಕ್ಕಿಸಿ ಸದ್ದು ಬರಲಿಲ್ಲವೆಂದು ಡೆಕ್ಕಿಗೆ ಬೈದು ಫಲವಿಲ್ಲ.

ಹೊಸ ಡೆಕ್ಕಿನ ಮೇಲೆ 50 ವ್ಯಾಟ್ × 4 ಎಂದು ಬರೆದಿರುತ್ತದೆ, ಹಳೆಯದಕ್ಕೆ ಆ ತಾಕತ್ತೆಲ್ಲಿ ಎಂದು ಕೇಳುವವರಿದ್ದಾರೆ. ಆ ಅಂಕಿ ಹುಟ್ಟುವ ಬಗೆ ಕುತೂಹಲಕರ. ಎಂಜಿನ್ ಓಡುವಾಗ ಕಾರಿನ ವಿದ್ಯುತ್ತು ಸುಮಾರು 14.4 ವೋಲ್ಟ್. ಅದನ್ನು ಪೂರ್ತಿಯಾಗಿ 4 ಓಮ್ ಸ್ಪೀಕರಿಗೆ ಹರಿಸಿದರೆ 14.4ರ ವರ್ಗವನ್ನು 4ರಿಂದ ಭಾಗಿಸಿದಷ್ಟು, ಅಂದರೆ 52 ವ್ಯಾಟ್ ಬರುತ್ತದೆ. ಆದರೆ ಅಷ್ಟು ಬರಬೇಕಾದರೆ ಹಾಡಿನ ಅಲೆ ಚೌಕಾಕಾರಕ್ಕೆ ಒಡೆದು ಹೋಗಿರಬೇಕು, ಆಗ ಕೇಳಿಸುವುದು ಹಾಡಲ್ಲ. ಒಡೆಯದ ಅಲೆಗೆ ಸಿಗುವುದು ಹೆಚ್ಚೆಂದರೆ ಅದರ ಅರ್ಧ, 26 ವ್ಯಾಟಿನ ಆಸುಪಾಸು. ಬೇರೆ ಬೂಸ್ಟರ್ ಇಲ್ಲದೆ 12 ವೋಲ್ಟ್ ಬ್ಯಾಟರಿಯನ್ನೇ ನಂಬಿದ ಡೆಕ್ಕಿಗೆ, ಅದು ಹದಿನೈದು ವರ್ಷ ಹಳೆಯದಿರಲಿ, ನಿನ್ನೆ ತಂದದ್ದಿರಲಿ, ಮಿತಿ ಒಂದೇ. ಸದ್ದು ಸುಧಾರಿಸಬೇಕೆಂದಿದ್ದರೆ ನೋಡಬೇಕಾದ್ದು ಸ್ಪೀಕರುಗಳನ್ನು. ಕರಾವಳಿಯ ಉಪ್ಪು ಗಾಳಿ ಮತ್ತು ನಾಲ್ಕು ತಿಂಗಳ ಮಳೆ ಕಾಗದದ ಕೋನನ್ನು ಮೆತ್ತಗಾಗಿಸುತ್ತವೆ, ಅಂಚಿನ ಫೋಮನ್ನು ಪುಡಿ ಮಾಡುತ್ತವೆ, ಪಿನ್ನುಗಳಿಗೆ ಕಿಲುಬು ಹಿಡಿಸುತ್ತವೆ. ಹೊಸ ಡೆಕ್ಕಿನ ದುಡ್ಡಿನಲ್ಲಿ ಒಂದು ಪಾಲನ್ನು ಮುಂದಿನ ಬಾಗಿಲಿನ ಎರಡು ಸ್ಪೀಕರಿಗೆ ಹಾಕಿದರೆ ವ್ಯತ್ಯಾಸ ಮೊದಲ ಹಾಡಿಗೇ ಕಿವಿಗೆ ಬರುತ್ತದೆ.

ಆಕ್ಸೂ ಇಲ್ಲ, ಕ್ಯಾಸೆಟ್ಟೂ ಇಲ್ಲ ಎಂದಾದರೆ ಉಳಿಯುವುದು ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಎಫ್‌ಎಂ ಟ್ರಾನ್ಸ್‌ಮಿಟರ್. ಇದು ಬ್ಲೂಟೂತಿನಲ್ಲಿ ಹಾಡು ಪಡೆದು, ಪುಟ್ಟ ರೇಡಿಯೋ ನಿಲಯದಂತೆ ಡೆಕ್ಕಿಗೆ ಪ್ರಸಾರ ಮಾಡುತ್ತದೆ. ರೇಡಿಯೋ ಸಿಗದ ಕೈಗಾದಲ್ಲಿ ಇದೂ ನಡೆಯದು ಎಂಬುದು ಇದರ ಬಗೆಗಿನ ತಪ್ಪು ಕಲ್ಪನೆ, ಮತ್ತು ಸತ್ಯ ಸರಿಯಾಗಿ ಅದರ ವಿರುದ್ಧ. ಒಂದೇ ಕಂಪನಾಂಕದಲ್ಲಿ ಎರಡು ಎಫ್‌ಎಂ ಸಿಗ್ನಲ್ ಬಂದರೆ ಬಲವಾದದ್ದು ಇನ್ನೊಂದನ್ನು ಪೂರ್ತಿ ಮುಚ್ಚಿಬಿಡುತ್ತದೆ. ಅದು ಎಫ್‌ಎಂನ ಹುಟ್ಟುಗುಣ. ಕಾರವಾರ ಪೇಟೆಯಲ್ಲಿ 102.3ರ ಆಕಾಶವಾಣಿ ಪಕ್ಕದಲ್ಲೇ ಇರುವುದರಿಂದ ಆ ಸಂಖ್ಯೆಯ ಹತ್ತಿರ ಟ್ರಾನ್ಸ್‌ಮಿಟರ್ ಇಟ್ಟರೆ ಸೋಲುತ್ತದೆ. ಮಾಜಾಳಿ ದಾಟಿ ಗೋವಾ ಒಳಗೆ ಹೋದಂತೆ ಪಣಜಿಯ ಕೇಂದ್ರಗಳು ಒಂದೊಂದಾಗಿ ಬಲಗೊಂಡು, ಹೊರಡುವಾಗ ಖಾಲಿಯಿದ್ದ ಜಾಗಕ್ಕೂ ನುಗ್ಗುತ್ತವೆ. ಕಣಿವೆಯಲ್ಲಿ ಅಂಥ ಪೈಪೋಟಿಯೇ ಇಲ್ಲ. ಕಾರವಾರ–ಬಿಣಗಾ ನಡುವಿನ ಹೆದ್ದಾರಿ ಸುರಂಗದ ಒಳಗೂ ಅಷ್ಟೆ: ನಿಜವಾದ ನಿಲಯ ಕ್ಷೀಣಿಸುವಾಗ ಕಾರಿನೊಳಗಿನ ಹುಸಿ ನಿಲಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಗುಣಮಟ್ಟದಲ್ಲಿ ಮಾತ್ರ ಇದು ಆಕ್ಸಿನ ಸಮಕ್ಕೆ ಬಾರದು. ಎಫ್‌ಎಂ 15 ಕಿಲೋಹರ್ಟ್ಸಿನ ಮೇಲಿನ ಸದ್ದನ್ನು ಕತ್ತರಿಸುತ್ತದೆ, ಹಿನ್ನೆಲೆಯಲ್ಲಿ ಸಣ್ಣ ಸುಯ್ ಎಂಬ ದನಿ ಉಳಿದೇ ಇರುತ್ತದೆ.

ಬ್ಲೂಟೂತ್ ಹಾಕಿದ ಮೇಲೆ ಎಕ್ಸಲರೇಟರ್ ಒತ್ತಿದಂತೆ ಕುಂಯ್ ಎಂಬ ಸದ್ದು ಏರುತ್ತದೆ, ಆದ್ದರಿಂದ ಬ್ಲೂಟೂತೇ ಕಳಪೆ ಎಂಬ ದೂರು ಅಂಗಡಿಗಳಲ್ಲಿ ದಿನವೂ ಕೇಳುವಂಥದ್ದು. ಇಲ್ಲಿ ಹಂತಗಳ ಲೆಕ್ಕ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಬ್ಲೂಟೂತಿನಲ್ಲಿ ಹೋಗುವುದು ಅಂಕಿಗಳು. ಅವು ತಲುಪುತ್ತವೆ, ಇಲ್ಲವೇ ತಲುಪುವುದಿಲ್ಲ. ಹಾಗಾಗಿ ಆ ಹಂತ ಕೆಟ್ಟರೆ ಹಾಡು ಕಡಿದು ಕಡಿದು ಬರುತ್ತದೆಯೇ ಹೊರತು ಅದರೊಳಗೆ ಎಂಜಿನ್ನಿನ ರಾಗ ಬೆರೆಯಲಾರದು. ಕಡಿತಕ್ಕೆ ಸಾಮಾನ್ಯ ಕಾರಣ ಪ್ಯಾಂಟಿನ ಹಿಂಜೇಬಿನಲ್ಲಿರುವ ಮೊಬೈಲ್. ನೀರೇ ಹೆಚ್ಚಿರುವ ಮನುಷ್ಯದೇಹ 2.4 ಗಿಗಾಹರ್ಟ್ಸ್ ಅಲೆಯನ್ನು ಚೆನ್ನಾಗಿ ಹೀರುತ್ತದೆ. ಕುಂಯ್ ಸದ್ದು ಹುಟ್ಟುವುದು ಮೂರನೆಯ ಹಂತದ ವೈರಿನಲ್ಲಿ. ರಿಸೀವರಿಗೆ ಲೈಟರ್ ಸಾಕೆಟ್ಟಿನಿಂದ ಕರೆಂಟು, ಡೆಕ್ಕಿಗೆ ಆಕ್ಸ್ ವೈರು: ಅರ್ತ್ ಎರಡು ಕಡೆ ಸೇರಿ ಒಂದು ಸುತ್ತು ಏರ್ಪಡುತ್ತದೆ, ಆಲ್ಟರ್ನೇಟರಿನ ಏರಿಳಿತ ಆ ಸುತ್ತಿನಲ್ಲಿ ಹರಿದು ಹಾಡಿಗೆ ಸೇರುತ್ತದೆ. ಚಾರ್ಜರ್ ತೆಗೆದು, ರಿಸೀವರನ್ನು ಅದರ ಸ್ವಂತ ಬ್ಯಾಟರಿಯಲ್ಲಿ ನಡೆಸಿ ನೋಡಿ. ಸದ್ದು ಮಾಯವಾದರೆ ಕಾರಣ ಖಚಿತ. ಕೆಲವು ನೂರು ರೂಪಾಯಿಯ ಐಸೊಲೇಟರನ್ನು ಆಕ್ಸ್ ವೈರಿನ ನಡುವೆ ಹಾಕಿದರೆ ಅದರ ಪುಟ್ಟ ಟ್ರಾನ್ಸ್‌ಫಾರ್ಮರ್ ಆ ಸುತ್ತನ್ನು ಮುರಿಯುತ್ತದೆ.

ನಿಸ್ತಂತು ಎಂದರೆ ಸದ್ದು ಸಪ್ಪೆ ಎಂಬ ಸಂಗೀತಪ್ರಿಯರ ಆಕ್ಷೇಪವನ್ನು ತಳ್ಳಿಹಾಕಲಾಗದು, ಅಳೆದು ನೋಡಬೇಕು. ಬ್ಲೂಟೂತಿನ ಕನಿಷ್ಠ ಕಡ್ಡಾಯ ಸಂಕೋಚನ ವಿಧಾನವೂ ಉತ್ತಮ ಮಟ್ಟದಲ್ಲಿ ಸೆಕೆಂಡಿಗೆ 328 ಕಿಲೋಬಿಟ್ ಸಾಗಿಸುತ್ತದೆ. ನಿಶ್ಶಬ್ದ ಕೋಣೆಯಲ್ಲಿ, ಒಳ್ಳೆಯ ಹೆಡ್‌ಫೋನಿನಲ್ಲಿ ನುರಿತ ಕಿವಿಗೆ ಅದರ ಕೊರತೆ ಗೊತ್ತಾಗಬಹುದು. ಹೆದ್ದಾರಿಯಲ್ಲಿ ಕಿಟಕಿ ಇಳಿಸಿ ಓಡುವ ಹಳೆಯ ಕಾರಿನ ಟಯರ್, ಗಾಳಿ, ಎಂಜಿನ್ ಸದ್ದಿನ ನಡುವೆ ಆ ವ್ಯತ್ಯಾಸ ಮುಳುಗಿಹೋಗುತ್ತದೆ. ಅಲ್ಲಿ ಸಪ್ಪೆ ಎನಿಸುವುದಕ್ಕೆ ಹೆಚ್ಚಾಗಿ ಕಾರಣ ಮೊಬೈಲಿನ ವಾಲ್ಯೂಮ್ ಕಡಿಮೆ ಇಟ್ಟು ಡೆಕ್ಕಿನದನ್ನು ತಿರುಗಿಸುವ ಅಭ್ಯಾಸ. ಮೊಬೈಲಿನದನ್ನು ಪೂರ್ತಿಗೆ ತುಸು ಕಡಿಮೆ ಇಟ್ಟು, ಮಿಕ್ಕದ್ದನ್ನು ಡೆಕ್ಕಿನಲ್ಲಿ ಸರಿಮಾಡಿಕೊಳ್ಳಬೇಕು. ಕಾರಿನ ಬ್ಯಾಟರಿ ಖಾಲಿಯಾಗುವ ಭಯಕ್ಕೆ ಉತ್ತರ ಚಿಕ್ಕದು: ರಿಸೀವರ್ ಎಳೆಯುವುದು 50 ಮಿಲಿಆಂಪ್ ಎಂದುಕೊಂಡರೂ 35 ಆಂಪ್-ಅವರ್ ಬ್ಯಾಟರಿ ಬರಿದಾಗಲು 700 ಗಂಟೆ ಬೇಕು.

ಸ್ಕ್ರೀನ್ ಬೇಕೆನ್ನುವವರಿಗೂ ನ್ಯಾಯವಾದ ಕಾರಣಗಳಿವೆ. ಮ್ಯಾಪ್, ರಿವರ್ಸ್ ಕ್ಯಾಮೆರಾ ಹಳೆಯ ಡೆಕ್ಕಿನಲ್ಲಿ ಬರುವುದಿಲ್ಲ. ಅದಕ್ಕಾಗಿ ಕೊಳ್ಳುವುದಾದರೆ ಕೊಳ್ಳಲಿ. ಹಾಡಿನ ಹೆಸರಿನಲ್ಲಿ ಬೇಡ. ಮಾರುತಿ 800ರಂಥ ಕಾರಿನ ಡ್ಯಾಶ್‌ಬೋರ್ಡಿನಲ್ಲಿರುವ ಕಿಂಡಿ 180ಕ್ಕೆ 50 ಮಿಲಿಮೀಟರಿನದು. ಅದರ ಇಮ್ಮಡಿ ಎತ್ತರದ ಸ್ಕ್ರೀನಿಗೆ ಪ್ಲಾಸ್ಟಿಕ್ ಕೊಯ್ಯಬೇಕು, ಕಪ್ಲರ್ ಹೊಂದದಿದ್ದರೆ ವೈರ್ ಕತ್ತರಿಸಿ ಟೇಪ್ ಸುತ್ತಬೇಕು, ಕರಾವಳಿಯ ತೇವದಲ್ಲಿ ಆ ಟೇಪು ಎಷ್ಟು ಮಳೆಗಾಲ ತಡೆದೀತೆಂದು ಯೋಚಿಸಬೇಕು. ಬ್ಲೂಟೂತ್ ಇದ್ದರೆ ಮೊಬೈಲ್ ಮುಟ್ಟಿದರೂ ಪೊಲೀಸರು ಕೇಳುವುದಿಲ್ಲ ಎಂಬುದಂತೂ ಶುದ್ಧ ಸುಳ್ಳು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಓಡಿಸುವಾಗ ಮೊಬೈಲ್ ಹಿಡಿದು ಬಳಸುವುದನ್ನು ಅಪಾಯಕಾರಿ ಚಾಲನೆಯೆಂದೇ ಎಣಿಸುತ್ತದೆ. ಹಾಡಿನ ಪಟ್ಟಿ ಹೊರಡುವ ಮೊದಲೇ ಸಿದ್ಧವಾಗಿರಬೇಕು.

ಹಳೆಯ ಡೆಕ್ ಉಳಿಸಿಕೊಳ್ಳುವುದರಲ್ಲಿ ಇನ್ನೊಂದು ಲಾಭವಿದೆ, ಅದು ರೇಡಿಯೋ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು. ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿದ್ದಿತು. ರಸ್ತೆಯ ಸುದ್ದಿ ಬೇಕಾಗುವ ಅಂಥ ಮಳೆಯಲ್ಲಿ ಕರೆಂಟು ಹೋಗಿ ಮೊಬೈಲ್ ಟವರ್ ನಿಂತರೆ ಸ್ಟ್ರೀಮಿಂಗೂ ನಿಲ್ಲುತ್ತದೆ, ಡೌನ್‌ಲೋಡ್ ಮಾಡಿಟ್ಟ ಹಾಡಿನಲ್ಲಿ ಸುದ್ದಿ ಇರುವುದಿಲ್ಲ. ಆಕ್ಸ್ ಅಥವಾ ಕ್ಯಾಸೆಟ್ ದಾರಿಯಲ್ಲಿ ಬ್ಲೂಟೂತ್ ಹಾಕಿಸಿಕೊಂಡವರು ಡೆಕ್ಕಿನ ಒಂದು ಗುಂಡಿ ಒತ್ತಿ 102.3ಕ್ಕೆ ಹೋಗಬಹುದು. ಎಫ್‌ಎಂ ಟ್ರಾನ್ಸ್‌ಮಿಟರ್ ಇರುವವರು ಟ್ಯೂನರನ್ನು ಅದಕ್ಕೇ ಮೀಸಲಿಟ್ಟಿರುತ್ತಾರಾದ್ದರಿಂದ ನಿಲಯ ಬದಲಿಸಬೇಕು. ಕಾರವಾರ ಆಕಾಶವಾಣಿಯನ್ನು ಡೆಕ್ಕಿನ ಒಂದನೇ ಗುಂಡಿಗೂ, ಟ್ರಾನ್ಸ್‌ಮಿಟರಿನ ಸಂಖ್ಯೆಯನ್ನು ಎರಡನೆಯದಕ್ಕೂ ಕೂರಿಸಿಟ್ಟುಕೊಂಡರೆ ಆ ತೊಡಕೂ ಇಲ್ಲ.