ಎಲೆಯ ಹಸಿರು, ಚಿತ್ರದ ಹಸಿರು

ಮಿರಜ ತಾಲೂಕಿನ ಆರಗ, ಬೇಡಗ ಪರಿಸರದ ಎಲೆತೋಟಗಳಲ್ಲಿ ಹಸಿರು ಒಂದೇ ಬಗೆಯದಲ್ಲ. ಆಸರೆಗೆ ಬೆಳೆಸಿದ ಚೊಗಚಿ, ನುಗ್ಗೆಗಳ ಸಣ್ಣ ಎಲೆಗಳು ಬಿಸಿಲಿನಲ್ಲಿ ತಿಳಿಹಸಿರಾಗಿ ಕಾಣುತ್ತವೆ. ಅವುಗಳ ನೆರಳಿನಲ್ಲಿ ಹಬ್ಬಿದ ವೀಳ್ಯದೆಲೆಯದು ಕಡುಹಸಿರು. ಅದೇ ಬಳ್ಳಿಯ ಚಿಗುರು ಹಳದಿಯತ್ತ ವಾಲುತ್ತದೆ. ಬದುವಿನಾಚೆಯ ಕಬ್ಬಿನದು ಮತ್ತೊಂದು ಹಸಿರು. ಈ ಭೇದಗಳನ್ನು ಅಲ್ಲಿಯ ಮಗು ಶಾಲೆಗೆ ಬರುವ ಮೊದಲೇ ಕಣ್ಣಿನಿಂದ ಕಲಿತಿರುತ್ತದೆ. ತರಗತಿಯಲ್ಲಿ ಮಾತ್ರ ಅವೆಲ್ಲವೂ ‘ಎಲೆ ಹಸಿರಾಗಿದೆ’ ಎಂಬ ಒಂದೇ ವಾಕ್ಯದಲ್ಲಿ ಅಡಗಿಹೋಗುತ್ತವೆ.

ಎಲೆಯಲ್ಲಿರುವ ಪತ್ರಹರಿತ್ತು ಬಿಸಿಲಿನ ನೀಲಿ ಮತ್ತು ಕೆಂಪು ಕಿರಣಗಳನ್ನು ಹೆಚ್ಚಾಗಿ ಹೀರುತ್ತದೆ. ಹಸಿರು ಕಿರಣಗಳನ್ನು ಅಷ್ಟಾಗಿ ಹೀರುವುದಿಲ್ಲ. ಹೀಗೆ ಉಳಿದು ಹಿಂದಿರುಗುವ ಬೆಳಕೇ ಕಣ್ಣಿಗೆ ಹಸಿರೆನಿಸುತ್ತದೆ. ‘ಎಲೆಯು ಹಸಿರು ಬೆಳಕನ್ನೆಲ್ಲ ಹೊರದೂಡುತ್ತದೆ’ ಎಂದು ಹೇಳಿಕೊಡುವುದು ಮಾತ್ರ ತಪ್ಪು. ಅದರ ಬಹುಪಾಲನ್ನೂ ಎಲೆ ಬಳಸಿಕೊಳ್ಳುತ್ತದೆ. ಪತ್ರಹರಿತ್ತಿಗೆ ಮರಾಠಿಯಲ್ಲಿ ‘ಹರಿತದ್ರವ್ಯ’ ಎಂಬ ಹೆಸರಿದೆ. ಕನ್ನಡದ ಮಗುವಿಗೆ ‘ಹರಿತ’ವೆಂದರೆ ಕುಡುಗೋಲಿನ ಅಲಗು! ಎರಡೂ ಭಾಷೆಗಳ ನಡುವೆ ಬೆಳೆಯುವ ಮಕ್ಕಳಿಗೆ ಈ ಪದವನ್ನು ಬಿಡಿಸಿ ಹೇಳದೆ ಮುಂದೆ ಸಾಗಬಾರದು.

ಹಗಲಿನ ಬೆಳಕಿನಲ್ಲಿ ಮನುಷ್ಯನ ಕಣ್ಣು ಅತಿ ಚುರುಕಾಗಿ ಗ್ರಹಿಸುವುದು ಸುಮಾರು 555 ನ್ಯಾನೊಮೀಟರ್ ತರಂಗಾಂತರದ, ಹಳದಿ ಬೆರೆತ ಹಸಿರನ್ನು. ಕ್ಯಾಮೆರಾವನ್ನೂ ಈ ಕಣ್ಣಿಗೆ ಹೊಂದುವಂತೆಯೇ ರೂಪಿಸಲಾಗಿದೆ. ಅದರ ಸಂವೇದಕಕ್ಕೆ ಬಣ್ಣ ತಿಳಿಯದು. ಬೆಳಕು ಎಷ್ಟೆಂಬುದಷ್ಟೇ ತಿಳಿಯುತ್ತದೆ. ಆದುದರಿಂದ ಅದರ ಸೂಕ್ಷ್ಮ ಕೋಶಗಳ ಮೇಲೆ ಬಣ್ಣದ ಶೋಧಕಗಳನ್ನು ಹೊದಿಸುತ್ತಾರೆ: ಪ್ರತಿ ನಾಲ್ಕರಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ಅವರು 1976ರಲ್ಲಿ ಪೇಟೆಂಟ್ ಪಡೆದ ಈ ಜೋಡಣೆಯೇ ಇಂದಿನ ಬಹುತೇಕ ಮೊಬೈಲುಗಳ ಮೂಲವಿನ್ಯಾಸ. ಉಳಿದುದನ್ನು ಯಂತ್ರ ಲೆಕ್ಕಹಾಕಿ ತುಂಬುತ್ತದೆ.

ಈ ಲೆಕ್ಕ ತಪ್ಪುವುದು ಎಲೆತೋಟದಂಥ ಸ್ಥಳದಲ್ಲಿಯೇ. ಮೇಲಿನ ಎಲೆಗಳನ್ನು ಹಾದುಬರುವ ನೆರಳಿನ ಬೆಳಕು ತಾನೇ ಹಸಿರಾಗಿರುತ್ತದೆ. ಮೊಬೈಲು ಅದನ್ನು ದೋಷವೆಂದು ಬಗೆದು ತಿದ್ದಿದರೆ ಹಸಿರೆಲೆ ಕಳೆಗುಂದುತ್ತದೆ. ಚಿತ್ರವನ್ನು ಅಂದಗೊಳಿಸಲು ಬಣ್ಣ ಏರಿಸಿದರೆ ಹಳದಿಯಾದ ಎಲೆಯೂ ಸೊಂಪಾಗಿ ತೋರುತ್ತದೆ.

ಇದರಿಂದ ಹಾನಿಯೂ ಉಂಟು. ಈಚೆಗೆ ಅನೇಕ ರೈತರು ರೋಗ ಹತ್ತಿದ ಎಲೆಯ ಚಿತ್ರವನ್ನು ಮೊಬೈಲಿನಲ್ಲಿ ಕಳುಹಿಸಿ ಸಲಹೆ ಕೇಳುತ್ತಾರೆ. ಚಿತ್ರ ತೆಗೆಯುವವರು ಎಷ್ಟೋ ವೇಳೆ ಮನೆಯ ಮಕ್ಕಳೇ. ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ ಬೆಳೆಗೆ ಕಬ್ಬಿಣ ಸಿಗದಿದ್ದರೆ ಹೊಸ ಎಲೆಗಳ ನರಗಳು ಹಸಿರಾಗಿದ್ದು ನಡುವಣ ಭಾಗ ಹಳದಿಯಾಗುತ್ತದೆ. ಸಾರಜನಕದ ಕೊರತೆಯಾದರೆ ಹಳೆಯ ಎಲೆಗಳು ಮೊದಲು ಇಡಿಯಾಗಿ ಹಳದಿಗಟ್ಟುತ್ತವೆ. ಚಿತ್ರದ ಹಸಿರು ಸುಳ್ಳಾದರೆ ಔಷಧವೂ ತಪ್ಪುತ್ತದೆ, ಹಣವೂ ಹೋಗುತ್ತದೆ.

ಇದನ್ನು ತರಗತಿಯಲ್ಲಿ ತೋರಿಸಲು ಒಂದು ಮೊಬೈಲು, ಒಂದು ಬಿಳಿ ಹಾಳೆ ಸಾಕು. ಒಂದೇ ವೀಳ್ಯದೆಲೆಯನ್ನು ಮರದ ನೆರಳಿನಲ್ಲಿ ಮೊದಲು ಹಾಗೆಯೇ, ಅನಂತರ ಹಾಳೆಯ ಮೇಲಿಟ್ಟು ಚಿತ್ರಿಸಬೇಕು. ಹಾಳೆ ಬಿಳಿಯಾಗಿ ಕಾಣದ ಚಿತ್ರದಲ್ಲಿ ಎಲೆಯ ಬಣ್ಣವನ್ನೂ ನಂಬಲಾಗದು. ವೀಳ್ಯದೆಲೆಯ ಮೇಲ್ಮೈ ನುಣುಪಾದುದರಿಂದ ಆಕಾಶದ ಬಿಳಿ ಹೊಳಪು ಅದರಲ್ಲಿ ಮೂಡುತ್ತದೆ. ಎಲೆಯನ್ನು ತುಸು ಓರೆಯಾಗಿ ಹಿಡಿದರೆ ಅಡಿಯ ಹಸಿರು ತೋರುತ್ತದೆ. ಬಳಿಕ ಮಕ್ಕಳು ತಾವು ಕಂಡ ಹಸಿರುಗಳಿಗೆ ಮನೆಮಾತಿನ ಹೆಸರುಗಳನ್ನು ಬರೆಯಲಿ. ಗಿಳಿಹಸಿರಿಗೆ ಮರಾಠಿಯಲ್ಲಿ ‘ಪೋಪಟಿ’ ಎನ್ನುತ್ತಾರೆ. ಎರಡೂ ಭಾಷೆಗಳು ಹೆಸರನ್ನು ಪಡೆದದ್ದು ಒಂದೇ ಹಕ್ಕಿಯಿಂದ.

ಕೆಲವು ಮಕ್ಕಳಿಗೆ, ಹೆಚ್ಚಾಗಿ ಗಂಡುಮಕ್ಕಳಿಗೆ, ಕೆಂಪು ಹಸಿರುಗಳ ಭೇದ ಹುಟ್ಟಿನಿಂದಲೇ ಸ್ಪಷ್ಟವಾಗಿರುವುದಿಲ್ಲ. ಅಂಥವರ ಉತ್ತರವನ್ನು ತಪ್ಪೆಂದು ಗುರುತಿಸದೆ, ಎಲೆಯ ಯಾವ ಭಾಗ ಕಡು, ಯಾವುದು ತಿಳಿ ಎಂದು ಕೇಳುವುದು ಲೇಸು.